ಎರಡು ಬಟ್ಟೆಗಳ ನಡುವಿನ ಮೂರನೆಯ ಪದರ

ಹೊಸ ಕೋಟನ್ನು ಕೈಗೆತ್ತಿಕೊಂಡಾಗ ನಾನು ಮೊದಲು ಹಿಡಿದು ನೋಡುವುದು ಕೆಳಗಿನ ಕಾಜದಿಂದ ಎರಡು ಅಂಗುಲ ಕೆಳಗಿರುವ ಜಾಗವನ್ನು. ಒಂದು ಕೈಯ ಬೆರಳುಗಳಲ್ಲಿ ಹೊರಬಟ್ಟೆಯನ್ನೂ ಇನ್ನೊಂದು ಕೈಯಲ್ಲಿ ಒಳಮಗ್ಗುಲಿನ ಬಟ್ಟೆಯನ್ನೂ ಹಿಡಿದು ಮೆಲ್ಲಗೆ ಬಿಡಿಸಿದರೆ, ಒಳ್ಳೆಯ ಕೋಟಿನಲ್ಲಿ ಅವೆರಡರ ನಡುವೆ ಮೂರನೆಯ ಪದರವೊಂದು ಯಾವುದಕ್ಕೂ ಅಂಟಿಕೊಳ್ಳದೆ ಜಾರುವುದು ಬೆರಳಿಗೆ ತಿಳಿಯುತ್ತದೆ. ಅದೇ ಕ್ಯಾನ್ವಾಸ್, ಕೋಟಿಗೆ ಆಕಾರ ಕೊಡುವ ಒಳಬಟ್ಟೆ. ಆ ಪದರ ಸಿಗದೆ ಹೊರಬಟ್ಟೆಯೇ ತೆಳು ರಟ್ಟಿನಂತೆ ಬಿರುಸಾಗಿದ್ದರೆ, ಅದರ ಬೆನ್ನಿಗೆ ಅಂಟಿನ ಬಟ್ಟೆ ಹಚ್ಚಿದ್ದಾರೆ ಎಂದು ತಿಳಿಯಬೇಕು. ಅಂಗಡಿಗಳಲ್ಲಿ ಇದನ್ನು ಫ್ಯೂಸಿಂಗ್ ಎನ್ನುತ್ತಾರೆ.

ಈ ಪರೀಕ್ಷೆಯನ್ನು ನಾನು ಕಲಿತದ್ದು ನಷ್ಟವಾದ ಮೇಲೆ. ನನ್ನ ಆರತಕ್ಷತೆಗೆಂದು ಬೆಂಗಳೂರಿನ ಒಂದು ದೊಡ್ಡ ಅಂಗಡಿಯಲ್ಲಿ ಕೊಂಡಿದ್ದ ಕೋಟು ನಾಲ್ಕನೆಯ ಡ್ರೈಕ್ಲೀನಿಂಗ್ ಆಗಿ ಬಂದಾಗ, ಅದರ ಬಲ ಎದೆಯ ಮೇಲೆ ಹಪ್ಪಳ ಕಾಯಿಸುವಾಗ ಏಳುವಂಥ ಸಣ್ಣ ಗುಳ್ಳೆಗಳು ಎದ್ದಿದ್ದವು. ಇಸ್ತ್ರಿ ಮಾಡಿಸಿದರೆ ಅಡಗುತ್ತಿದ್ದವು, ಒಂದು ಸಂಜೆ ತೊಟ್ಟರೆ ಮತ್ತೆ ಏಳುತ್ತಿದ್ದವು. ಕಾರಣ ತಿಳಿಯಲೇಬೇಕೆಂದು ಊಟದ ಮೇಜಿನ ಮೇಲೆ ಅದನ್ನು ಹರಡಿ, ಲೈನಿಂಗಿನ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿದೆ. ಒಳಗೆ ಹೊರಬಟ್ಟೆಯ ಬೆನ್ನಿಗೆ ಬಿಳಿಯ ತೆಳು ಬಟ್ಟೆಯೊಂದು ಅಂಟಿಕೊಂಡಿತ್ತು. ಅದರ ಮೇಲೆ ರವೆಕಾಳಿನಂತೆ ಸಾಲುಸಾಲಾಗಿ ಅಂಟಿನ ಚುಕ್ಕೆಗಳು. ಗುಳ್ಳೆ ಎದ್ದ ಕಡೆಯಲ್ಲೆಲ್ಲ ಆ ಚುಕ್ಕೆಗಳು ಹಿಡಿತ ಬಿಟ್ಟಿದ್ದವು. ಕಾರ್ಖಾನೆಯಲ್ಲಿ ಈ ಅಂಟನ್ನು ಸುಮಾರು 120ರಿಂದ 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒತ್ತಿ ಕೂರಿಸುತ್ತಾರೆ. ಆಮೇಲೆ ಡ್ರೈಕ್ಲೀನಿಂಗಿನ ದ್ರಾವಣ, ಹಬೆ ಮತ್ತು ಇಸ್ತ್ರಿಯ ಬಿಸಿ ತಾಗಿದಾಗಲೆಲ್ಲ ಉಣ್ಣೆ ಒಂದು ಅಳತೆಯಲ್ಲಿ ಕುಗ್ಗುತ್ತದೆ, ಅಂಟಿನ ಬಟ್ಟೆ ಇನ್ನೊಂದು ಅಳತೆಯಲ್ಲಿ ಕುಗ್ಗುತ್ತದೆ. ಹೀಗೆ ಒಂದು ಕಡೆ ಬಿಟ್ಟುಕೊಂಡ ಅಂಟನ್ನು ಮೊದಲಿನ ಸ್ಥಿತಿಗೆ ತರುವ ದುರಸ್ತಿ ಇಲ್ಲವೆಂದೇ ಹೇಳಬೇಕು.

ಕ್ಯಾನ್ವಾಸಿಗೆ ಅಂಟು ಬೇಕಿಲ್ಲ, ಅದನ್ನು ಹೊಲಿಗೆಯಿಂದ ನಿಲ್ಲಿಸುತ್ತಾರೆ. ಎದೆಯ ಭಾಗದಲ್ಲಿ ಅದರ ಮೇಲೆ ಕೂರಿಸುವ ಬಿರುಸು ಬಟ್ಟೆಯ ನೇಯ್ಗೆಯಲ್ಲಿ ಹಾಸು ಹತ್ತಿಯ ನೂಲಿನದಾದರೆ, ಹೊಕ್ಕು ಕುದುರೆಯ ಬಾಲದ ಕೂದಲಿನದು. ಕೂದಲು ಅಡ್ಡಡ್ಡಲಾಗಿ ಬರುವಂತೆ ಇಡುವುದರಿಂದ ಎದೆ ಅಡ್ಡಕ್ಕೆ ದುಂಡಗೆ ಬಾಗಿ ನಿಲ್ಲುತ್ತದೆ, ಉದ್ದಕ್ಕೆ ಮಾತ್ರ ಬಟ್ಟೆಯ ಸಹಜವಾದ ಇಳಿತ ಉಳಿಯುತ್ತದೆ. ಮುದುರಿ ಬಿಟ್ಟರೂ ಕೂದಲು ತನ್ನ ಆಕಾರಕ್ಕೆ ಮರಳುವುದರಿಂದ, ಇಂಥ ಕೋಟಿನ ಎದೆ ಪ್ರಯಾಣದಲ್ಲಿ ನಜ್ಜಾದರೂ ಒಂದು ರಾತ್ರಿ ಹ್ಯಾಂಗರಿನಲ್ಲಿ ತೂಗುಹಾಕಿದರೆ ಬಹುಮಟ್ಟಿಗೆ ಸರಿಯಾಗಿರುತ್ತದೆ.

ನನ್ನ ಲೆಕ್ಕದಲ್ಲಿ ಕೋಟಿನ ಅತ್ಯಂತ ಸುಂದರವಾದ ಕೆಲಸವಿರುವುದು ಲ್ಯಾಪೆಲ್‌ನಲ್ಲಿ, ಅಂದರೆ ಕಾಲರಿನಿಂದ ಇಳಿದು ಎದೆಯ ಮೇಲೆ ಮಡಿಸಿ ಬೀಳುವ ಪಟ್ಟಿಯಲ್ಲಿ. ಮೈಸೂರಿನಲ್ಲಿ ನನಗೆ ಪರಿಚಯವಿರುವ ಹಿರಿಯ ಕಟಿಂಗ್ ಮಾಸ್ಟರ್ ಒಬ್ಬರು ಇದನ್ನು ಹೊಲಿಯುವಾಗ ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಪಟ್ಟಿಯನ್ನು ಎಡಗೈಯ ತೋರುಬೆರಳಿನ ಮೇಲೆ ಬಾಗಿಸಿ ಹಿಡಿದು, ಕ್ಯಾನ್ವಾಸಿನ ಮೂಲಕ ಇಳಿದ ಸೂಜಿ ಕೆಳಗಿನ ಬಟ್ಟೆಯ ಒಂದೋ ಎರಡೋ ಎಳೆಯನ್ನು ಮಾತ್ರ ಎತ್ತಿಕೊಂಡು ಮೇಲೆ ಬರುವಂತೆ, ಓರೆಯಾದ ಸಣ್ಣ ಹೊಲಿಗೆಗಳನ್ನು ಸಾಲುಸಾಲಾಗಿ ಹಾಕುತ್ತಾ ಹೋದರು. “ಬಗ್ಗೋದನ್ನ ಬಟ್ಟೆಗೆ ಈಗಲೇ ಕಲಿಸಬೇಕು ಸಾರ್, ಆಮೇಲೆ ಇಸ್ತ್ರಿ ಹೇಳಿದರೆ ಕೇಳೋಲ್ಲ” ಎಂದರು. ಹೊಲಿದು ಮುಗಿಸಿ ಬೆರಳನ್ನು ತೆಗೆದಾಗ ಆ ಪಟ್ಟಿ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗಲಿಲ್ಲ. ವೀಳ್ಯದೆಲೆಯ ಅಂಚಿನಂತೆ ತಾನಾಗಿಯೇ ಬಾಗಿ ನಿಂತಿತು. ಅಂಗಡಿಯಲ್ಲಿ ಇದನ್ನು ಗುರುತಿಸಲು ಲ್ಯಾಪೆಲನ್ನು ಮಗುಚಿ ಬೆಳಕಿಗೆ ಹಿಡಿಯಬೇಕು. ಹಿಂಬದಿಯಲ್ಲಿ ಸೂಜಿ ಚುಚ್ಚಿದ ಕಡೆ ಅತಿ ಸಣ್ಣ ಗುಳಿಗಳು ಕಾಣುತ್ತವೆ: ಕೈಕೆಲಸದಲ್ಲಿ ಅವು ತುಸು ಹೆಚ್ಚುಕಡಿಮೆಯಾಗಿ ಹರಡಿರುತ್ತವೆ, ಯಂತ್ರದ್ದಾದರೆ ಗೆರೆ ಎಳೆದಂತೆ ನೇರವಾಗಿರುತ್ತವೆ. ಸೂಟು ಹೊಲಿಗೆಗೆ ಹೆಸರಾದ ಲಂಡನ್ನಿನ ಸವಿಲ್ ರೋ ಬೀದಿಯ ದರ್ಜಿಗಳು 2004ರಲ್ಲಿ ಕಟ್ಟಿಕೊಂಡ ಸಂಘವು ಒಂದು ಸೂಟಿಗೆ ಕನಿಷ್ಠ 50 ಗಂಟೆಗಳ ಕೈಕೆಲಸ ಇರಬೇಕೆಂದು ನಿಯಮ ಮಾಡಿದೆ. ಆ ಗಂಟೆಗಳಲ್ಲಿ ದೊಡ್ಡ ಪಾಲು ಹೀಗೆ ಕಣ್ಣಿಗೆ ಬೀಳದ ಹೊಲಿಗೆಗಳಿಗೇ ಹೋಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಎದೆಯಲ್ಲಿ ಮೂರನೆಯ ಪದರ ಸಿಕ್ಕಿತೆಂದ ಮಾತ್ರಕ್ಕೆ ಕೋಟು ಪೂರ್ತಿ ಕ್ಯಾನ್ವಾಸಿನದೆಂದು ನಂಬಬಾರದು. ಹೊರಬಟ್ಟೆಗೆ ಅಂಟಿನ ಬಟ್ಟೆ ಹಚ್ಚಿ, ಎದೆಗೆ ಮಾತ್ರ ಒಂದು ಬಿಡಿ ತುಂಡನ್ನು ಸೇರಿಸುವುದು ಸಿದ್ಧ ಉಡುಪಿನಲ್ಲಿ ಸಾಮಾನ್ಯ. ಅದಕ್ಕಾಗಿಯೇ ನಾನು ಗುಂಡಿಗಳ ಕೆಳಗೆ ಹಿಡಿದು ನೋಡುವುದು. ಲ್ಯಾಪೆಲ್ ಮತ್ತು ಎದೆಗೆ ನಿಜವಾದ ಕ್ಯಾನ್ವಾಸ್ ಹಾಕಿ, ಕೆಳಗೆ ಹಗುರವಾದ ಫ್ಯೂಸಿಂಗ್ ಮಾಡಿದ ಅರ್ಧ ಕ್ಯಾನ್ವಾಸಿನ ಕೋಟುಗಳೂ ಇವೆ. ಅಂಗಡಿಯವರು ಅದನ್ನು ಹಾಗೆಂದೇ ಹೇಳಿ ಮಾರಿದರೆ, ವರ್ಷಕ್ಕೆ ನಾಲ್ಕಾರು ಸಲ ತೊಡುವವರಿಗೆ ಅದು ಒಳ್ಳೆಯ ಆಯ್ಕೆಯೆಂದೇ ನನ್ನ ಅಭಿಪ್ರಾಯ.

ಇಷ್ಟಾದ ಮೇಲೆ ಕೋಟನ್ನು ತೊಟ್ಟು ಎರಡೂ ಕೈಗಳನ್ನು ಮುಂದಕ್ಕೆ ಚಾಚಬೇಕು. ಕಾಲರ್ ಅಂಗಿಯ ಕಾಲರನ್ನು ಬಿಟ್ಟು ಹಿಂದಕ್ಕೆ ಸರಿದರೆ, ಕೈ ಎತ್ತಿದೊಡನೆ ಇಡೀ ಕೋಟು ಮೇಲಕ್ಕೆ ಬಂದರೆ, ತೋಳನ್ನು ಮೈಗೆ ಕೂಡಿಸುವ ಬಾಯಿ, ಅಂದರೆ ಆರ್ಮ್‌ಹೋಲ್ ತೀರಾ ಕೆಳಗಿದೆ ಎಂದರ್ಥ. ದೊಡ್ಡ ಆರ್ಮ್‌ಹೋಲ್ ಇದ್ದರೆ ಕೈಯಾಡಿಸಲು ಸಲೀಸು ಎಂದು ಬಹಳ ಮಂದಿ ತಿಳಿದಿದ್ದಾರೆ. ವಾಸ್ತವದಲ್ಲಿ ಅದು ಕಂಕುಳಿಗೆ ಹತ್ತಿರವಾಗಿದ್ದಷ್ಟೂ ತೋಳು ಮೈಯನ್ನು ಎಳೆಯದೆ ತಾನೊಂದೇ ಚಲಿಸುತ್ತದೆ. ತೋಳಿನ ನೆತ್ತಿಯ ಸುತ್ತಳತೆ ಆರ್ಮ್‌ಹೋಲಿಗಿಂತ ಒಂದೆರಡು ಅಂಗುಲ ಹೆಚ್ಚಿರುತ್ತದೆ, ಆ ಹೆಚ್ಚುವರಿ ಬಟ್ಟೆಯನ್ನು ನೆರಿಗೆ ಕಾಣದಂತೆ ಹೊಲಿಗೆಯೊಳಗೆ ಅಡಗಿಸುವುದು ನುರಿತ ಕೈಗೆ ಮಾತ್ರ ಸಾಧ್ಯ. ಇದರಲ್ಲಿ ಆದ ತಪ್ಪು ಭುಜದ ತುದಿಯಲ್ಲಿ ಸುಕ್ಕಾಗಿ ಕಾಣುತ್ತದೆ, ಆಮೇಲೆ ಯಾವ ಇಸ್ತ್ರಿಗೂ ಅದು ಹೋಗುವುದಿಲ್ಲ.

ಕಾಜಗಳಿಗೆ ಬರುತ್ತೇನೆ. ಕೈಯಲ್ಲಿ ಮಾಡುವ ಕಾಜದಲ್ಲಿ ಬಟ್ಟೆಯನ್ನು ಮೊದಲು ಕತ್ತರಿಸಿ, ಅಂಚಿನಲ್ಲಿ ಗಟ್ಟಿ ದಾರವೊಂದನ್ನು ಇಟ್ಟು, ಅದರ ಮೇಲೆ ರೇಷ್ಮೆ ದಾರದಿಂದ ಗಂಟು ಗಂಟಾಗಿ ಹೊಲಿಯುತ್ತಾರೆ. ಯಂತ್ರವು ಸಾಮಾನ್ಯವಾಗಿ ಮೊದಲು ಹೊಲಿದು ಆಮೇಲೆ ಕತ್ತರಿಸುವುದರಿಂದ ಸೀಳಿನಲ್ಲಿ ಎಳೆಗಳು ಇಣುಕುತ್ತಿರುತ್ತವೆ. ತೋಳಿನ ತುದಿಯ ಗುಂಡಿಗಳು ನಿಜವಾಗಿ ಬಿಚ್ಚುತ್ತವೆಯೇ ಎಂಬುದಕ್ಕೆ ಮಾತ್ರ ಜನ ಕೊಡುವಷ್ಟು ಬೆಲೆಯನ್ನು ನಾನು ಕೊಡುವುದಿಲ್ಲ. ಅಗ್ಗದ ಕೋಟಿಗೂ ಆ ಕಾಜಗಳನ್ನು ಕತ್ತರಿಸಬಹುದು. ಒಮ್ಮೆ ಕತ್ತರಿಸಿದರೆ ತೋಳನ್ನು ತುದಿಯಲ್ಲಿ ಗಿಡ್ಡ ಮಾಡಲಾಗದೆ ಭುಜದಿಂದಲೇ ಬಿಚ್ಚಬೇಕಾಗುತ್ತದೆ.

ಬಟ್ಟೆಯ ಮೇಲಿನ ಸೂಪರ್ ಸಂಖ್ಯೆಯೂ ಹೀಗೆಯೇ ದಾರಿ ತಪ್ಪಿಸುತ್ತದೆ. ಸೂಪರ್ 100 ಎಂದರೆ ಉಣ್ಣೆಯ ಎಳೆಯ ಸರಾಸರಿ ದಪ್ಪ 18.75 ಮೈಕ್ರಾನ್ ಮೀರಿಲ್ಲವೆಂದೂ, ಸೂಪರ್ 120 ಎಂದರೆ 17.75 ಮೀರಿಲ್ಲವೆಂದೂ ಅರ್ಥ. ಹೊಲಿಗೆ ಹೇಗಿದೆ, ಬಟ್ಟೆ ಎಷ್ಟು ಬಾಳುತ್ತದೆ ಎಂಬ ಯಾವ ಭರವಸೆಯೂ ಅದರಲ್ಲಿಲ್ಲ. ಚೌಕಳಿಯ ಬಟ್ಟೆಯಾದರೆ ಜೇಬಿನ ಮುಚ್ಚಳದ ಗೆರೆ ಮೈಯ ಗೆರೆಗೆ ಕೂಡಿದೆಯೇ, ಬೆನ್ನಿನ ನಡುಹೊಲಿಗೆಯ ಎರಡೂ ಬದಿ ಒಂದಾಗಿವೆಯೇ ಎಂದು ನೋಡಿದರೆ ಕತ್ತರಿಸಿದವರ ಶ್ರದ್ಧೆ ತಿಳಿಯುತ್ತದೆ.

ಕಳೆದ ತಿಂಗಳು ಚಿಕ್ಕಪ್ಪನ ಮಗ ತನ್ನ ಮದುವೆಯ ಕೋಟಿಗಾಗಿ ನನ್ನನ್ನು ಕರೆದುಕೊಂಡು ಹೋಗಿದ್ದ. ಅವನ ಮನಸ್ಸು ಮಿರುಗುವ ಬಟ್ಟೆಯ ಒಂದು ಕೋಟಿನ ಮೇಲಿತ್ತು. ಗುಂಡಿಯ ಕೆಳಗೆ ಅವನ ಬೆರಳುಗಳನ್ನೇ ಇಟ್ಟು, “ಬಿಡಿಸಿ ನೋಡೋ” ಎಂದೆ. ನಡುವೆ ಏನೂ ಸಿಗಲಿಲ್ಲ. ಕೊನೆಗೆ ನಾವು ತಂದದ್ದು ಅರ್ಧ ಕ್ಯಾನ್ವಾಸಿನ ಕಡುನೀಲಿ ಕೋಟನ್ನು. ಬೆನ್ನಿನ ಹೊಲಿಗೆಯಲ್ಲಿ ಒಂದೊಂದು ಬದಿಗೂ ಮುಕ್ಕಾಲು ಅಂಗುಲ ಬಟ್ಟೆ ಬಿಟ್ಟಿದ್ದಾರೆ. ಮುಂದೆ ಅವನು ದಪ್ಪವಾದರೆ ಅದನ್ನು ಬಿಚ್ಚಿ ಕೋಟನ್ನು ಸಡಿಲಿಸಬಹುದು. ತೋಳಿನ ಕಾಜಗಳನ್ನು ಇನ್ನೂ ಕತ್ತರಿಸಿಲ್ಲ.