ನೋವು ಎಷ್ಟಾಣೆ ಕಮ್ಮಿ ಆಗ್ಯದ?

ಕೋರ್ಸ್ ಮುಗಿಸಿ ಕಲಬುರಗಿಯ ವಾರ್ಡಿಗೆ ಬಂದ ಹೊಸ ನರ್ಸ್‌ಗಳು ಕ್ಯಾನ್ಸರ್ ರೋಗಿಗೆ ‘ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು?’ ಅಂತ ಕೇಳ್ತಾರೆ. ಆಳಂದ ಕಡೆಯ ಮುದುಕಿಗೆ ಅದು ತಲೆಗೆ ಹೋಗಲ್ಲ. ‘ಯವ್ವಾ, ರೂಪಾಯಿದಾಗ ಎಷ್ಟಾಣೆ ಕಮ್ಮಿ ಆಗ್ಯದ?’ ಅಂದರೆ ‘ನಾಕಾಣೆ’ ಅಂತ ತಟ್ಟನೆ ಬರುತ್ತೆ. ರೂಪಾಯಿಗೆ 16 ಆಣೆ, ಅಂದರೆ 12 ಆಣೆ ನೋವು ಇನ್ನೂ ಉಳಿದಿದೆ. ಡಾಕ್ಟರಿಗೆ ಅದನ್ನೇ ಹೇಳಿ.

ಜೋರು ನೋವಿಗೆ ಕೊಡುವ ಸಾದಾ ಮಾರ್ಫಿನ್ ಮಾತ್ರೆಯ ಕೆಲಸ ಸುಮಾರು 4 ತಾಸು. ಹಾಗಾಗಿ ನೋವಿಗೆ ಕಾಯದೆ ಗಡಿಯಾರ ನೋಡಿ ಕೊಡಬೇಕು. ನಡುವೆ ನೋವು ಎದ್ದರೆ ಸಾಮಾನ್ಯವಾಗಿ ದಿನದ ಒಟ್ಟು ಡೋಸಿನ ಆರನೇ ಒಂದು ಭಾಗ: 60 ಮಿ.ಗ್ರಾಂ. ಇದ್ದರೆ 10. ಈ ಆರ್ಡರ್ ಮೊದಲೇ ಬರೆಸಿಡಿ, ರಾತ್ರಿ ಎರಡಕ್ಕೆ ಡಾಕ್ಟರನ್ನು ಹುಡುಕೋದು ತಪ್ಪುತ್ತೆ. ಕಿಡ್ನಿ ಕೆಟ್ಟವರಲ್ಲಿ ಔಷಧಿ ಮೈಯಲ್ಲೇ ಉಳಿಯುತ್ತೆ. ಮಂಪರು ಹೆಚ್ಚಿ ಉಸಿರು ನಿಧಾನವಾದರೆ ಮುಂದಿನ ಡೋಸ್ ತಡೆದು ಕೂಡಲೇ ತಿಳಿಸಿ.

ವಾಕರಿಕೆ ಕೆಲ ದಿನಕ್ಕೆ ಇಳಿಯುತ್ತೆ, ಮಲಬದ್ಧತೆ ಇಳಿಯಲ್ಲ. ಮೊದಲ ದಿನದಿಂದಲೇ ಮಲ ಸಲೀಸಾಗಿ ಹೋಗಿಸುವ ಮಾತ್ರೆ ಬೇಕು. ಹೊಸಬರು ಎಡವೋದು ಇಲ್ಲೇ: ಗಟ್ಟಿ ಮಲದ ಪಕ್ಕದಿಂದ ನೀರು ಸೋರಿದರೆ ‘ಸಂಡಾಸ ಹತ್ಯಾದ’ (ಭೇದಿ ಶುರುವಾಗಿದೆ) ಅಂತ ಆ ಮಾತ್ರೆ ನಿಲ್ಲಿಸಿಬಿಡ್ತಾರೆ. ಅದಕ್ಕೂ ಮುಂಚೆ ಮಲ ಹೋದದ್ದನ್ನು ಬರೆದಿಟ್ಟ ಮೂರು ದಿನದ ಚಾರ್ಟ್ ನೋಡಿ.

ಕೊನೆಯ ತಾಸುಗಳಲ್ಲಿ ಗಂಟಲು ಗೊರಗೊರ ಅಂದರೆ ಮಗ್ಗುಲಾಗಿ ಮಲಗಿಸಿ. ಆಳಕ್ಕೆ ಕೊಳವೆ ಇಳಿಸಿ ಕಫ ಹೀರುವ ಸಕ್ಷನ್ ಬೇಡ. ಮನೆಯವರು ಬಾಯಿಗೆ ನೀರು ಬಿಡಲು ಬರ್ತಾರೆ. ತಡೆಯಬೇಡಿ, ಚಮಚದ ಬದಲು ಒದ್ದೆ ಹತ್ತಿ ಕೈಗಿಡಿ.