ಮೂಡಲ್ ಕೂಟಕ್ಕೆ ಹತ್ತು ಜನ ಸಾಕು

ಮೂಡಲ್ ಎಂದರೆ ಆನ್‌ಲೈನಿನಲ್ಲಿ ಪಾಠ, ಪರೀಕ್ಷೆ ನಡೆಸುವ ತಂತ್ರಾಂಶ. ಅದನ್ನು ಬಳಸುವ ಅಧ್ಯಾಪಕರಿಗೆ ಕೂಡಿ ಕಲಿಯುವ ಕೂಟ ಏಕೆ ಬೇಕೆನ್ನಲು ಒಂದು ಉದಾಹರಣೆ ನೋಡಿ. ಅದರಲ್ಲಿ ಕನ್ನಡದ ಕಿರು ಉತ್ತರದ ಪ್ರಶ್ನೆಯೊಂದನ್ನು ಹಾಕಿ, ಸರಿಯುತ್ತರ ‘ರ‍್ಯಾಂಕ್’ ಎಂದು ಕೊಡಿ. ವಿದ್ಯಾರ್ಥಿ ಮೊಬೈಲಿನಲ್ಲಿ ಅದೇ ಪದ ಬರೆದರೂ ಸೊನ್ನೆ ಬೀಳಬಹುದು. ಕಣ್ಣಿಗೆ ಎರಡೂ ಒಂದೇ. ಆದರೆ ರಕಾರದ ಹತ್ತಿರ ಕಾಣದ ಜೋಡಕ ಅಕ್ಷರವೊಂದಿದೆ. ಒಂದು ಕೀಲಿಮಣೆ ಅದನ್ನು ವಿರಾಮ ಚಿಹ್ನೆಯ (ಅರ್ಧಾಕ್ಷರ ಮಾಡುವ ‘್’) ಮೊದಲು ಇಡುತ್ತದೆ, ಇನ್ನೊಂದು ಆಮೇಲೆ. ಮೂಡಲ್ ಅಕ್ಷರಕ್ಕೆ ಅಕ್ಷರ ಹೋಲಿಸುವುದರಿಂದ ಉತ್ತರ ತಪ್ಪೆನ್ನುತ್ತದೆ.

ಮೊದಲು ಫಲಿತಾಂಶದ ಪುಟದಲ್ಲಿ ಮಕ್ಕಳು ಬರೆದದ್ದನ್ನು ನೋಡಿ. ತಪ್ಪೆನಿಸಿಕೊಂಡ ಸರಿಯುತ್ತರವನ್ನು ಅಲ್ಲಿಂದಲೇ ನಕಲು ಮಾಡಿ, ಪ್ರಶ್ನೆಗೆ ಎರಡನೆಯ ಉತ್ತರವಾಗಿ ಸೇರಿಸಿ 100 ಶೇಕಡಾ ಅಂಕ ಕೊಡಿ, ಆಮೇಲೆ ಹೊಸದಾಗಿ ಅಂಕ ಹಾಕುವ ‘ರೀಗ್ರೇಡ್’ ಒತ್ತಿ. ‘ರ*ಯಾಂಕ್’ ಎಂದು ನಕ್ಷತ್ರ ಹಾಕಿದರೂ ನಡೆಯುತ್ತದೆ. ಆದರೆ ನಕ್ಷತ್ರದ ಜಾಗದಲ್ಲಿ ಏನು ಬಂದರೂ ಅದು ಒಪ್ಪಿಬಿಡುತ್ತದೆ, ಹಾಗಾಗಿ ನನಗೆ ಮೊದಲ ದಾರಿಯೇ ಇಷ್ಟ.

ಇಂಗ್ಲಿಷ್ ಉದಾಹರಣೆ ಇಟ್ಟುಕೊಂಡು ನಡೆಯುವ ಒಂದು ದಿನದ ಕಾರ್ಯಾಗಾರದಲ್ಲಿ ಈ ತೊಡಕು ಮೇಲೆ ಬರುವುದೇ ಇಲ್ಲ. ಕಾಸರಗೋಡಿನ ಕನ್ನಡ ಅಧ್ಯಾಪಕರಿಗೆ ತಮ್ಮದೇ ಕೂಟ ಬೇಕು ಎನ್ನುವುದು ಇದಕ್ಕೇ. ಒಂದು ಕಾಲೇಜಿನ ವಿಭಾಗದಲ್ಲಿ ಕೂಟಕ್ಕೆ ಬೇಕಾದ ಹತ್ತು ಜನ ಸಿಗಲಿಕ್ಕಿಲ್ಲ. ಕಾಸರಗೋಡು ಸರಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಕಾಲೇಜು, ಹೀಗೆ ಎರಡು ಮೂರು ಕಡೆಯವರು ಸೇರಬೇಕು. ಅಮೆರಿಕದ ಒಹಾಯೊ ರಾಜ್ಯದ ಮಯಾಮಿ ವಿಶ್ವವಿದ್ಯಾಲಯ 1979ರಿಂದ ಇಂಥ ಅಧ್ಯಾಪಕ ಕೂಟಗಳನ್ನು ನಡೆಸುತ್ತಿದೆ. ಅಲ್ಲಿನ ಲೆಕ್ಕ 8ರಿಂದ 12 ಜನ, ಒಂದು ವರ್ಷ. ಅದಕ್ಕಿಂತ ಹೆಚ್ಚಾದರೆ ಹಿಂದೆ ಕೂತವರು ಬಾಯಿ ಬಿಡುವುದಿಲ್ಲ.

ಮೂರು ವಾರಕ್ಕೊಮ್ಮೆ 90 ನಿಮಿಷ ಕೂತರೆ ಸಾಕು. ಕಳೆದ ಸಲ ಹೇಳಿದ್ದನ್ನು ತರಗತಿಯಲ್ಲಿ ಮಾಡಿ ಏನಾಯಿತೆಂದು 15 ನಿಮಿಷ ಮಾತು. ಉಳಿದ ಹೊತ್ತೆಲ್ಲ ಒಬ್ಬರ ಒಂದೇ ತೊಡಕಿಗೆ. ಅವರ ಪುಟವನ್ನು ಪರದೆಯ ಮೇಲೆ ತೆರೆದು, ಎಲ್ಲರೂ ತಂತಮ್ಮ ಲ್ಯಾಪ್‌ಟಾಪಿನಲ್ಲಿ ಅದನ್ನೇ ಮಾಡಿ ನೋಡಬೇಕು. ಕಂಪ್ಯೂಟರ್ ಬಲ್ಲವರು ಮೌಸ್ ಕಸಿದುಕೊಂಡರೆ ಕೂಟ ಕೆಟ್ಟಿತು. ಅವರು ಬಾಯಲ್ಲಿ ಹೇಳಲಿ, ಕೈ ತೊಡಕಿನವರದ್ದೇ ಇರಲಿ.

ಹೊಸಬರಿಗೆ ಸಣ್ಣ ಕೆಲಸ ಕೊಡಿ. ಒಂದೇ ಕೆಲಸದವರು ಕೂಡಿ ಮಾಡುತ್ತಾ ಕಲಿಯುವ ‘ವೃತ್ತಿ ಸಮುದಾಯ’ದ ಕಲ್ಪನೆಯನ್ನು 1991ರಲ್ಲಿ ಮುಂದಿಟ್ಟ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್, ಲೈಬೀರಿಯಾದ ದರ್ಜಿಗಳನ್ನೂ ಉದಾಹರಿಸಿದ್ದರು. ಅಲ್ಲಿ ಕಲಿಯಲು ಬಂದವನು ಮೊದಲು ಗುಂಡಿ ಹೊಲಿಯುತ್ತಾನೆ, ಅಂಚು ಮಡಚುತ್ತಾನೆ. ಬಟ್ಟೆ ಕತ್ತರಿಸುವುದು ಎಷ್ಟೋ ಆಮೇಲೆ. ನಮ್ಮಲ್ಲಿ ಗುಂಡಿ ಹೊಲಿಯುವುದೆಂದರೆ ಬೇರೆಯವರ ಕ್ವಿಜ್ಜನ್ನು ತನ್ನ ಮೊಬೈಲಿನಲ್ಲಿ ವಿದ್ಯಾರ್ಥಿಯಂತೆ ಬರೆದು ನೋಡುವುದು. ರ‍್ಯಾಂಕ್‌ನಂಥ ತಪ್ಪು ಪರೀಕ್ಷೆಗೆ ಮೊದಲೇ ಸಿಕ್ಕಿಬೀಳುವುದು ಅಲ್ಲೇ. ದಿನದ ಲೆಕ್ಕದಲ್ಲಿ ಸಂಬಳ ಪಡೆಯುವ ಅತಿಥಿ ಅಧ್ಯಾಪಕರಿಗೆ ಕೂಟದ ಹೊತ್ತು ಪುಕ್ಕಟೆ ದುಡಿಮೆ ಆಗದಂತೆ ಅವರ ತರಗತಿ ಇರುವ ದಿನವೇ ಸೇರುವುದು ನ್ಯಾಯ.

ಹಳೆಯ ಪ್ರಶ್ನೆಪತ್ರಿಕೆಗಳು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿದ್ದರೆ ಯೂನಿಕೋಡಿಗೆ ಬದಲಿಸದೆ ಅಂಟಿಸಬೇಡಿ. ಬದಲಿಸಿದ ಮೇಲೂ ಅರ್ಕಾವೊತ್ತು, ಒತ್ತಕ್ಷರಗಳನ್ನು ಕಣ್ಣಲ್ಲೇ ನೋಡಬೇಕು.

ಇನ್ನು ವರ್ಗಾವಣೆ. ಎಲ್ಲವೂ ಒಬ್ಬರ ಸ್ವಂತ ಡ್ರೈವಿನಲ್ಲಿದ್ದರೆ ಅವರು ಹೋದ ದಿನ ಕೂಟದ ಕೆಲಸವೂ ಹೋಗುತ್ತದೆ. ಪ್ರಶ್ನೆ ಭಂಡಾರವನ್ನು ಮೂಡಲ್ ಎಕ್ಸ್‌ಎಂಎಲ್ ಎಂಬ ಕಡತದ ರೂಪದಲ್ಲಿ ಇಳಿಸಿ ವಿಭಾಗದ ಖಾತೆಯಲ್ಲಿಡಿ. ಆದೇಶ ಬರಲಿ ಎಂದು ಕಾಯದೆ, ಪ್ರತಿ ಸೆಮಿಸ್ಟರಿನ ಕೊನೆಯ ಕೂಟದಲ್ಲೇ ಇದನ್ನು ಮುಗಿಸಿ ಏಳಿ.