ಲಿನಕ್ಸ್ ಹಾಕಿದ ಮೇಲೆ ಸ್ಕ್ರೀನ್ ಮಿನುಗ್ತದೆ, ಯಾವ ಡ್ರೈವರ್ ಹಾಕುದು?

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಚೆನ್ನಾಗಿಯೇ ಓಡುತ್ತಿರುವ ಲ್ಯಾಪ್‌ಟಾಪ್ ಎಸೆಯಲು ಮಂಗಳೂರಿನವರಿಗೆ ಮನಸ್ಸು ಬರುವುದಿಲ್ಲ. ವಿಂಡೋಸ್ ಬದಲು ಉಬುಂಟು ಅಥವಾ ಮಿಂಟ್ ಎಂಬ ಲಿನಕ್ಸ್ ಹಾಕಿಕೊಳ್ಳುತ್ತಾರೆ. ಆಮೇಲೆ ನನಗೆ ಫೋನ್ ಬರುತ್ತದೆ: "ಎಲ್ಲ ಸರಿ ಉಂಟು ಮಾರಾಯ್ರೆ, ಸ್ಕ್ರೀನ್ ಮಾತ್ರ ಮಿನುಗ್ತದೆ. ಯಾವ ಡ್ರೈವರ್ ಡೌನ್‌ಲೋಡ್ ಮಾಡುದು?"

ಇಂಟೆಲ್ ಅಥವಾ ಎಎಂಡಿ ಗ್ರಾಫಿಕ್ಸ್ ಆದರೆ ಯಾವುದೂ ಬೇಡ. ಗ್ರಾಫಿಕ್ಸ್ ಚಿಪ್ ನಡೆಸುವ ಡ್ರೈವರ್ ಆಗಲೇ ಲಿನಕ್ಸ್ ಒಳಗಿದೆ. ಕಂಪನಿಯ ವೆಬ್‌ಸೈಟ್‌ನಲ್ಲಿ ಹುಡುಕುವುದು ವಿಂಡೋಸ್ ಕಾಲದ ಅಭ್ಯಾಸ, ಅದನ್ನು ಬಿಡಿ.

ಒಳಗಿರುವ ಆ ಡ್ರೈವರ್‌ನಲ್ಲಿ ಎರಡು ಭಾಗ ಇದೆ. ಒಂದು ಲಿನಕ್ಸ್‌ನ ತಿರುಳಾದ ಕರ್ನಲ್‌ನ ಒಳಗೆ: ಇಂಟೆಲ್‌ಗೆ ಐ915 (ತೀರಾ ಹೊಸ ಚಿಪ್‌ಗಳಿಗೆ ಎಕ್ಸ್‌ಇ), ಎಎಂಡಿಗೆ ಎಎಂಡಿಜಿಪಿಯು. ಪರದೆ ಹೊತ್ತಿಸುವುದು, ಬ್ರೈಟ್‌ನೆಸ್, ಮುಚ್ಚಳ ಹಾಕಿದಾಗ ಮಲಗುವುದು ಎಲ್ಲ ಅದರ ಕೆಲಸ. ಇನ್ನೊಂದು ಮೆಸಾ. ಚಿತ್ರವನ್ನು ಲೆಕ್ಕ ಹಾಕಿ ಬಿಡಿಸುವುದು ಅದು. ಬ್ರಯಾನ್ ಪಾಲ್ ಎಂಬವರು 1993ರಲ್ಲಿ ಶುರು ಮಾಡಿದ್ದು, ಇವತ್ತು ಬಹುತೇಕ ಎಲ್ಲ ಲಿನಕ್ಸ್ ಡೆಸ್ಕ್‌ಟಾಪ್ ಅದರ ಮೇಲೆ ನಿಂತಿದೆ. ತೊಂದರೆ ಯಾವ ಭಾಗದ್ದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಗೊತ್ತು ಮಾಡಿಕೊಳ್ಳಲು ಒಂದು ಸುಲಭದ ದಾರಿ ಇದೆ. ಪರದೆ ಕೆಟ್ಟದಾಗಿ ಕಾಣುವಾಗಲೇ ಸ್ಕ್ರೀನ್‌ಶಾಟ್ ತೆಗೆಯಿರಿ. ಆ ಚಿತ್ರವನ್ನು ಮೊಬೈಲ್‌ಗೆ ಕಳಿಸಿ ನೋಡಿ. ಅಲ್ಲಿಯೂ ಗೀರು, ಹರಿದ ಚೌಕ, ತಪ್ಪು ಬಣ್ಣ ಕಂಡರೆ ಬಿಡಿಸುವಾಗಲೇ ಹಾಳಾಗಿದೆ, ಅಂದರೆ ಸಂಶಯ ಮೆಸಾ ಮೇಲೆ. ಸ್ಕ್ರೀನ್‌ಶಾಟ್ ಚೊಕ್ಕವಾಗಿದ್ದರೆ ಚಿತ್ರ ಸರಿಯಾಗಿ ತಯಾರಾಗಿದೆ, ಪರದೆಗೆ ಹೋಗುವ ದಾರಿಯಲ್ಲಿ ಕೆಟ್ಟಿದೆ. ಆಗ ಕರ್ನಲ್, ಕೇಬಲ್ ಅಥವಾ ಪ್ಯಾನೆಲ್ ನೋಡಬೇಕು.

ಕೇಬಲ್ ಅಂದದ್ದು ಸುಮ್ನೆ ಅಲ್ಲ. ಲಿನಕ್ಸ್ ಶುರುವಾಗುವ ಮೊದಲೇ ತೆರೆಯುವ ಬಯಾಸ್ ಪುಟದಲ್ಲೂ ಮಿನುಗುತ್ತದಾ? ಮುಚ್ಚಳ ಹಿಂದೆ ಮುಂದೆ ಮಾಡಿದಾಗ ಹೆಚ್ಚು ಕಡಿಮೆ ಆಗುತ್ತದಾ? ಹೌದಾದರೆ ಲಿನಕ್ಸ್ ಪಾಪ ಏನೂ ಮಾಡಿಲ್ಲ. ಹಿಂಜ್ ಹತ್ತಿರದ ಕೇಬಲ್ ಅಥವಾ ಅದರ ಕನೆಕ್ಟರ್ ನೋಡಿಸಿ. ಕಡಲ ಬದಿಯ ಉಪ್ಪುಗಾಳಿ, ಆಟಿ ತಿಂಗಳ ತೇವ ಕನೆಕ್ಟರ್‌ಗಳಿಗೆ ಒಳ್ಳೆಯದಲ್ಲ.

ಇದಕ್ಕೆ ಉಲ್ಟಾ ಕೇಸೂ ಇದೆ. ಕಾವೂರಿನ ಒಬ್ಬರು ಟೀಚರ್‌ಗೆ ಅಂಗಡಿಯಲ್ಲಿ "ಡಿಸ್‌ಪ್ಲೇ ಹೋಗಿದೆ, ಬದಲಾಯಿಸಬೇಕು" ಅಂದಿದ್ದರು. ಬಯಾಸ್‌ನಲ್ಲಿ ಪರದೆ ಗಟ್ಟಿಯಾಗಿಯೇ ನಿಂತಿತ್ತು. ತೊಂದರೆ ಇದ್ದದ್ದು ಪ್ಯಾನೆಲ್ ಸೆಲ್ಫ್ ರಿಫ್ರೆಶ್ (ಪಿಎಸ್‌ಆರ್) ಎಂಬುದರಲ್ಲಿ. ಚಿತ್ರ ಬದಲಾಗದೆ ಇದ್ದಾಗ ಪ್ಯಾನೆಲ್ ತನ್ನದೇ ಮೆಮೊರಿಯಿಂದ ತೋರಿಸುತ್ತಾ ಇರುತ್ತದೆ, ಗ್ರಾಫಿಕ್ಸ್ ಚಿಪ್‌ನಿಂದ ಬರುವ ಲಿಂಕ್ ಮಲಗುತ್ತದೆ. ಬ್ಯಾಟರಿ ಉಳಿಯುತ್ತದೆ. ಕೆಲವು ಪ್ಯಾನೆಲ್‌ಗಳಲ್ಲಿ ಏಳುವಾಗ ತಾಳ ತಪ್ಪುತ್ತದೆ, ಅದೇ ಮಿನುಗು. ಬೂಟ್ ಆಗುವಾಗ, ಲಿನಕ್ಸನ್ನು ಎಬ್ಬಿಸುವ ಗ್ರಬ್ ಎಂಬ ಪ್ರೋಗ್ರಾಂನ ಸಾಲಿನಲ್ಲಿ ಐ915ರ ಪಿಎಸ್‌ಆರ್ ಆಯ್ಕೆಯನ್ನು ಸೊನ್ನೆ ಮಾಡಿದರೆ ನಿಲ್ಲುತ್ತದೆ. ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು, ಅಷ್ಟೇ.

ಅದೇ ಗ್ರಬ್ ಸಾಲಿಗೆ "ನೋಮೋಡ್‌ಸೆಟ್" ಸೇರಿಸಿ ಅಂತ ಯೂಟ್ಯೂಬ್‌ನಲ್ಲಿ ಯಾರೋ ಹೇಳಿರುತ್ತಾರೆ. ಪರದೆ ಬರುತ್ತದೆ, ನಿಜ. ಆದರೆ ಬರುವುದು ಡ್ರೈವರ್ ಕೆಲಸ ಮಾಡದೇ ಇರುವುದರಿಂದ! ಬಿಡಿಸುವ ಕೆಲಸವೆಲ್ಲ ಸಿಪಿಯು ತಲೆಗೆ ಬೀಳುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಗ್ರಾಫಿಕ್ಸ್ ಹೆಸರಿನ ಜಾಗದಲ್ಲಿ ಎಲ್‌ಎಲ್‌ವಿಎಂಪೈಪ್ ಅಂತ ಕಂಡರೆ ಇದೇ ಕಥೆ. ಫ್ಯಾನ್ ಕಿರುಚುತ್ತದೆ, ವಿಡಿಯೊ ತಡವರಿಸುತ್ತದೆ, ಆಮೇಲೆ "ಲಿನಕ್ಸ್ ಸ್ಲೋ" ಅಂತ ಬೈಗುಳ. ನೋಮೋಡ್‌ಸೆಟ್ ಒಳಗೆ ಹೋಗಲು ಮಾತ್ರ, ಇರಲು ಅಲ್ಲ.

ಅಪ್‌ಡೇಟ್ ಆದ ಮೇಲೆ ಶುರುವಾದ ತೊಂದರೆಯಾ? ಗ್ರಬ್‌ನ ಅಡ್ವಾನ್ಸ್‌ಡ್ ಆಯ್ಕೆಯಲ್ಲಿ ಹಳೆ ಕರ್ನಲ್ ಇರುತ್ತದೆ, ಅದರಲ್ಲಿ ಬೂಟ್ ಮಾಡಿ. ಅಲ್ಲಿ ಸರಿ ಇದ್ದರೆ ನಿಮ್ಮ ಕೈಗೆ ಒಳ್ಳೆಯ ಸಾಕ್ಷಿ ಸಿಕ್ಕಿತು.

ಎನ್ವಿಡಿಯಾ ಬೇರೆ ಲೋಕ. ಕಂಪನಿ ಮಾಹಿತಿ ಕೊಡದ ಕಾಲದಲ್ಲಿ ನೂವೋ ತಂಡ ಕಾರ್ಡಿನ ನಡವಳಿಕೆ ನೋಡಿ ನೋಡಿಯೇ ಮುಕ್ತ (ಕೋಡ್ ಎಲ್ಲರಿಗೂ ತೆರೆದಿರುವ) ಡ್ರೈವರ್ ಬರೆಯಿತು. 2010ರಲ್ಲಿ ಅದು ಕರ್ನಲ್ ಸೇರಿತು. ಆಮೇಲೆ ಜಿಟಿಎಕ್ಸ್ 900 ಸರಣಿಯಿಂದ ಕಂಪನಿ ಸಹಿ ಮಾಡಿದ ಫರ್ಮ್‌ವೇರ್ (ಕಾರ್ಡಿನೊಳಗೆ ಓಡುವ ಸಾಫ್ಟ್‌ವೇರ್) ಇಲ್ಲದೆ ಕಾರ್ಡಿನ ವೇಗ ಏರಿಸಲು ಆಗದ ಹಾಗೆ ಮಾಡಿದರು. ಟ್ಯೂರಿಂಗ್ (ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಸರಣಿ) ಮತ್ತು ನಂತರದ ಕಾರ್ಡ್‌ಗಳಿಗೆ 2022ರಲ್ಲಿ ಕಂಪನಿಯೇ ಕರ್ನಲ್ ಭಾಗದ ಕೋಡ್ ತೆರೆಯಿತು, ಈಗ ಮೆಸಾದಲ್ಲಿ ಎನ್‌ವಿಕೆ ಎಂಬ ಮುಕ್ತ ಎನ್ವಿಡಿಯಾ ಡ್ರೈವರ್ ಚೆನ್ನಾಗಿ ಬೆಳೆಯುತ್ತಿದೆ. ನಡುವೆ ಸಿಕ್ಕಿಬಿದ್ದದ್ದು ಜಿಟಿಎಕ್ಸ್ 1050ರಂಥವು. ನಿಟ್ಟೆ, ಮಣಿಪಾಲದ ಹಾಸ್ಟೆಲ್‌ಗಳಲ್ಲಿ ಒಂದು ಕಾಲಕ್ಕೆ ಎಲ್ಲಿ ನೋಡಿದರೂ ಅವೇ. ಅಂಥವರಿಗೆ ಕಂಪನಿಯ ಮುಚ್ಚಿದ ಡ್ರೈವರೇ ಹಾಕಿ ಅನ್ನುತ್ತೇನೆ. ಇಲ್ಲಿ ಹಟ ಮಾಡಿ ಲಾಭವಿಲ್ಲ.

ಇಂಟೆಲ್, ಎಎಂಡಿಯವರು ಮಾತ್ರ ತಾತ್ಕಾಲಿಕ ಪರಿಹಾರ ಸಿಕ್ಕಿದ ಕೂಡಲೇ ಮರೆತುಬಿಡಬೇಡಿ. ಡ್ರೈವರ್ ಬರೆಯುವವರ ಹತ್ತಿರ ನಿಮ್ಮ ಮಾಡೆಲ್ ಇರುವುದಿಲ್ಲ. ಕರ್ನಲ್‌ನ ಒಳಗೆ ಲ್ಯಾಪ್‌ಟಾಪ್ ಮಾಡೆಲ್‌ಗಳ ಪಟ್ಟಿಗಳೇ ಇವೆ: ಇದಕ್ಕೆ ಬ್ರೈಟ್‌ನೆಸ್ ಈ ದಾರಿಯಲ್ಲಿ, ಇದರ ಪ್ಯಾನೆಲ್ ಅಡ್ಡ ಕೂತಿದೆ, ಹೀಗೆ. ಅಲ್ಲಿನ ಎಷ್ಟೋ ಸಾಲು ಯಾರೋ ಬಳಕೆದಾರರು ದೂರು ಕೊಟ್ಟಿದ್ದರಿಂದ ಬಂದದ್ದು. ಕೋಡ್ ಬರೆಯಲು ಬರಬೇಕಾಗಿಲ್ಲ.

ದೂರನ್ನು ಈ ಡ್ರೈವರ್ ಬರೆಯುವವರ ವೆಬ್‌ಸೈಟ್ ಆದ ಫ್ರೀಡೆಸ್ಕ್‌ಟಾಪ್ ಗಿಟ್‌ಲ್ಯಾಬ್‌ನಲ್ಲಿ ಹಾಕಬೇಕು. ಮೆಸಾಕ್ಕೆ, ಇಂಟೆಲ್ ಕರ್ನಲ್‌ಗೆ, ಎಎಂಡಿ ಕರ್ನಲ್‌ಗೆ ಬೇರೆ ಬೇರೆ ಜಾಗ ಇದೆ. ಸ್ಕ್ರೀನ್‌ಶಾಟ್ ಪರೀಕ್ಷೆ ಅಲ್ಲೂ ಉಪಯೋಗಕ್ಕೆ ಬರುತ್ತದೆ. ಮಾಡೆಲ್ ಹೆಸರು, ಕರ್ನಲ್ ಮತ್ತು ಮೆಸಾ ಆವೃತ್ತಿ, ಯಾವಾಗ ಆಗುತ್ತದೆ, ಯಾವುದರಲ್ಲಿ ಆಗುವುದಿಲ್ಲ, ಎಲ್ಲ ಬರೆಯಿರಿ. ಡಿಮೆಸೇಜ್ (ಕರ್ನಲ್ ಬರೆದಿಡುವ ಸಂದೇಶಗಳು) ಪೂರ್ತಿ ಕೊಡಿ. "ಮುಖ್ಯವಾದದ್ದು" ಅಂತ ನೀವು ಕತ್ತರಿಸಿಟ್ಟ ನಾಲ್ಕು ಸಾಲಿನಲ್ಲಿ ಬೇಕಾದದ್ದು ಇರುವುದೇ ಇಲ್ಲ, ನೋಡಿ ಬೇಕಾದರೆ.

ಹಳೆ ಕರ್ನಲ್ ಸರಿ, ಹೊಸದು ಕೆಟ್ಟದ್ದು ಅಂತಾದರೆ ಗಿಟ್ ಬೈಸೆಕ್ಟ್ ಮಾಡಲು ಹೇಳಬಹುದು. ಬದಲಾವಣೆಗಳ ರಾಶಿಯನ್ನು ಪ್ರತಿ ಸಲ ಅರ್ಧ ಮಾಡುತ್ತಾ ಹೋಗುವುದು. 16,000 ಬದಲಾವಣೆ ಇದ್ದರೂ 14 ಸುತ್ತಿನಲ್ಲಿ ತಪ್ಪು ಮಾಡಿದ ಒಂದು ಸಿಗುತ್ತದೆ. ಪ್ರತಿ ಸುತ್ತಿಗೂ ಕರ್ನಲ್ ಕಂಪೈಲ್ ಆಗಬೇಕು. ಹಳೆ ಲ್ಯಾಪ್‌ಟಾಪ್‌ನಲ್ಲಿ ಭಾನುವಾರ ಹೋಯಿತು ಅಂತಲೇ ಲೆಕ್ಕ. ಕರೆಂಟ್ ಹೋಗದ ದಿನ ನೋಡಿಕೊಳ್ಳಿ.

ಪ್ಯಾಚ್ (ತಪ್ಪು ತಿದ್ದುವ ಕೋಡ್) ಬಂದರೆ ಹಾಕಿ ನೋಡಿ ಉತ್ತರ ಕೊಡಿ. ದೂರು ಕೊಟ್ಟವರ, ಪರೀಕ್ಷಿಸಿದವರ ಹೆಸರು ಮತ್ತು ಈಮೇಲ್ ಕರ್ನಲ್ ಇತಿಹಾಸದಲ್ಲಿ ಎಲ್ಲರಿಗೂ ಕಾಣುವ ಹಾಗೆ ಉಳಿಯಬಹುದು. ಹಾಗಾಗಿ ಆಫೀಸಿನದ್ದು ಬೇಡ, ಸ್ವಂತದ್ದೇ ಕೊಡಿ.